ಹುಟ್ಟದ ಅಣ್ಣನ ಮಗಳು

ಈಸ್ಟರ್ ಹಬ್ಬಕ್ಕೆ ಇನ್ನು ಹತ್ತೇ ದಿನ. ಎಸ್ಲಿಂಗನ್ ಊರಿನವರಿಗೆಲ್ಲ ಆಗ ಒಂದೇ ಚಿಂತೆ, ಕಿಟಕಿಯ ಚಿಂತೆ. ಹಬ್ಬದ ದಿನ ಗಾಜಿನ ಮೇಲೆ ಚಳಿಗಾಲದ ಕೊಳೆ ಉಳಿದಿದ್ದರೆ ಎದುರು ಮನೆಯವರು ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ಒಂದು ಕ್ಷಣ ಹೆಚ್ಚಿಗೆ ನೋಡುತ್ತಾರೆ, ಅಷ್ಟೆ. ಆ ಊರಿನಲ್ಲಿ ಮಾನ ಹೋಗಲು ಅಷ್ಟು ಸಾಕು.

ಮೊದಲನೇ ಮಹಡಿಯ ರೋಸ್ವಿಥಾ ಹೇಬರ್ಲೆಯವರಿಗೆ ಎಪ್ಪತ್ತಮೂರು ವರ್ಷ. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಹಿಂದಿನ ವರ್ಷ ಬಲಗಾಲಿಗೆ ಹೊಸ ಮಂಡಿ ಹಾಕಿಸಿಕೊಂಡಿದ್ದರು. ನಲವತ್ತು ವರ್ಷ ಅಂಚೆ ಕಚೇರಿಯಲ್ಲಿ ದುಡಿದವರು. ಯಾರಿಗೂ ಒಂದು ಪೈಸೆ ಮೋಸ ಮಾಡಿದವರಲ್ಲ ಎಂದು ಊರೇ ಹೇಳುತ್ತಿತ್ತು, ಊರಿಗಿಂತ ಹೆಚ್ಚಾಗಿ ಅವರೇ ಹೇಳುತ್ತಿದ್ದರು.

ಆದರೆ ಅವರ ಮನೆಯಲ್ಲಿ ಒಂದು ಗುಟ್ಟಿತ್ತು. ಗುಟ್ಟಿನ ಹೆಸರು ವೆಸೆಲಿನಾ.

ವೆಸೆಲಿನಾ ಬಲ್ಗೇರಿಯಾದವಳು, ವಯಸ್ಸು ಐವತ್ತೆಂಟು. ಮೂರು ವರ್ಷದಿಂದ ಪ್ರತಿ ಗುರುವಾರ ಬೆಳಗ್ಗೆ ಒಂಬತ್ತಕ್ಕೆ ಬರುತ್ತಿದ್ದಳು. ನೆಲ ಒರೆಸಿ, ಬಚ್ಚಲು ತಿಕ್ಕಿ, ಹನ್ನೆರಡಕ್ಕೆ ಹೊರಡುತ್ತಿದ್ದಳು. ಹೊರಡುವಾಗ ಸಕ್ಕರೆ ಡಬ್ಬಿಯ ಕೆಳಗೆ ಮಡಚಿಟ್ಟ ನೋಟು ಅವಳ ಜೇಬಿಗೆ ಹೋಗುತ್ತಿತ್ತು. ಚೀಟಿಯಿಲ್ಲ, ಸಹಿಯಿಲ್ಲ. ಸರ್ಕಾರದ ಲೆಕ್ಕದಲ್ಲಿ ಆ ಮನೆ ತನ್ನಷ್ಟಕ್ಕೆ ತಾನೇ ಶುಚಿಯಾಗುತ್ತಿತ್ತು.

ನೆಲಮಹಡಿಯಲ್ಲಿ ಎಗೋನ್ ಬಾಯರ್ಲೆ ಎಂಬ ಹಿರಿಯರಿದ್ದರು. ಅವರು ಮೂವತ್ತೈದು ವರ್ಷ ಪಿಂಚಣಿ ಕಚೇರಿಯಲ್ಲಿದ್ದು ನಿವೃತ್ತರಾದವರು. ಮೆಟ್ಟಿಲು ಗುಡಿಸುವ ಪಾಳಿ ಯಾರದ್ದು, ಯಾರು ಮೂಲೆ ಬಿಟ್ಟು ಗುಡಿಸಿದರು ಎನ್ನುವುದೆಲ್ಲ ಅವರಿಗೆ ಬಾಯಿಪಾಠ. ಮೂರು ವರ್ಷದ ಹಿಂದೆ ಅವರು ವೆಸೆಲಿನಾಳನ್ನು ಮೆಟ್ಟಿಲ ಮೇಲೆ ನೋಡಿ, "ಇವರು ಯಾರು?" ಎಂದು ಕೇಳಿದ್ದರು. ರೋಸ್ವಿಥಾ ಯೋಚಿಸಲೂ ಇಲ್ಲ.

"ನನ್ನ ಅಣ್ಣನ ಮಗಳು!"

ಬಾಯಿಂದ ಹೊರಟ ಮಾತು ತಿರುಗಿ ಬರುತ್ತದೆಯೇ? ಅಂದಿನಿಂದ ಪ್ರತಿ ಗುರುವಾರ ಅಣ್ಣನ ಮಗಳು ಬಂದು ಸೋದರತ್ತೆಯ ಬಚ್ಚಲು ತಿಕ್ಕಿ ಹೋಗುತ್ತಿದ್ದಳು.

ಆ ಗುರುವಾರ ಅಡುಗೆಮನೆಯ ದೊಡ್ಡ ಕಿಟಕಿಯ ಸರದಿ.

"ಮೇಲಿನ ಗಾಜು ಎಟುಕಲ್ಲ ಹೇಬರ್ಲೆಯಮ್ಮ. ಏಣಿ ತರ್ತೀನಿ," ಎಂದಳು ವೆಸೆಲಿನಾ.

ಏಣಿ ಇದ್ದದ್ದು ನೆಲಮಾಳಿಗೆಯಲ್ಲಿ. ಅಲ್ಲಿಗೆ ಹೋಗಬೇಕಾದರೆ ಬಾಯರ್ಲೆಯವರ ಬಾಗಿಲು ದಾಟಬೇಕು. ಅತ್ತೆ ಮನೆಗೆ ಬಂದ ಹುಡುಗಿ ಏಣಿ ಹೊತ್ತುಕೊಂಡು ಹೋಗುವುದನ್ನು ನೋಡಿದರೆ ಆ ಮನುಷ್ಯ ಸುಮ್ಮನಿರುತ್ತಾನೆಯೇ?

"ಏಣಿ ಯಾಕೆ? ಈ ಸ್ಟೂಲು ಗಟ್ಟಿಯಾಗಿದೆ. ಇದರ ಮೇಲೆ ನಿಂತ್ಕೊಳ್ಳಿ."

"ಇದರ ಒಂದು ಕಾಲು ಆಡುತ್ತೆ."

"ನನ್ನ ಕಾಲೂ ಆಡ್ತಿತ್ತು. ಬಿದ್ದೋದ್ನಾ?"

ವೆಸೆಲಿನಾ ಹತ್ತಿದಳು. ಎಡಗಡೆ ಗಾಜು ಮುಗಿಯಿತು. ಬಲಗಡೆಗೆ ಕೈ ಚಾಚಿದಳು. ಸ್ಟೂಲು ಎಡಕ್ಕೆ ಹೋಯಿತು, ವೆಸೆಲಿನಾ ಬಲಕ್ಕೆ ಹೋದಳು, ಬಕೆಟ್ಟು ಎರಡೂ ಕಡೆಗೆ ಹೋಯಿತು. ಪುಣ್ಯಕ್ಕೆ ಅವಳು ಬಿದ್ದದ್ದು ಒಳಕ್ಕೆ. ಕೈ ಊರಿ ಬಿದ್ದಳು. ಮಣಿಕಟ್ಟು ಲಟಕ್ ಎಂದದ್ದು ರೋಸ್ವಿಥಾ ಅವರ ಕಿವಿಗೂ ಕೇಳಿಸಿತು.

ಎರಡು ನಿಮಿಷದೊಳಗೆ ಬಾಯರ್ಲೆಯವರು ಬಾಗಿಲಲ್ಲಿ ನಿಂತಿದ್ದರು.

"ಏನಾಯ್ತು? ನನ್ನ ಮನೆ ದೀಪ ಅಲ್ಲಾಡಿಹೋಯ್ತು!"

ಅವರು ನೆಲದ ನೀರು ನೋಡಿದರು, ಸಾಬೂನು ನೋಡಿದರು, ಬಟ್ಟೆ ನೋಡಿದರು. ಆಮೇಲೆ ಬೆಳ್ಳಗಾದ ವೆಸೆಲಿನಾಳ ಮುಖ ನೋಡಿದರು. "ಕಾರು ತರ್ತೀನಿ," ಎಂದು ಇಳಿದರು.

ಆಸ್ಪತ್ರೆಯಲ್ಲಿ ನಿಜವಾದ ಕಷ್ಟ ಶುರುವಾಯಿತು. ರೋಸ್ವಿಥಾ ಅವರಿಗೆ ವೆಸೆಲಿನಾಳನ್ನು 'ನೀವು' ಎಂದೇ ಕರೆದು ಅಭ್ಯಾಸ. ಈಗ ಬಾಯರ್ಲೆ ಪಕ್ಕದಲ್ಲೇ ಇದ್ದಾರೆ. ಅಣ್ಣನ ಮಗಳನ್ನು ಯಾರಾದರೂ 'ನೀವು' ಅನ್ನುತ್ತಾರೆಯೇ?

"ನೀನು... ನೀನು ಇಲ್ಲಿ ಕೂತ್ಕೊಳ್ಳಿ," ಎಂದರು ರೋಸ್ವಿಥಾ.

ಬಾಯರ್ಲೆಯವರು ಗೋಡೆಯ ಮೇಲಿದ್ದ ಎಲುಬುಗೂಡಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಚುರುಕು. ಎಕ್ಸ್-ರೇ ತೆಗೆಸಿ ನೋಡಿ, "ಎರಡು ಕಡೆ ಮುರಿದಿದೆ," ಎಂದರು. ಆಮೇಲೆ ಪೆನ್ನು ಕೈಗೆ ತೆಗೆದುಕೊಂಡರು. "ಹೇಗೆ ಬಿದ್ರಿ?"

"ಕಿಟಕಿ ಹತ್ರ, ಸ್ಟೂಲಿಂದ," ಎಂದಳು ವೆಸೆಲಿನಾ.

"ಕಿಟಕಿ ಹತ್ರ ಏನ್ ಮಾಡ್ತಿದ್ರಿ?"

"ಹೊರಗೆ ನೋಡ್ತಿದ್ಲು!" ಎಂದರು ರೋಸ್ವಿಥಾ. "ನಮ್ಮನೆ ಕಿಟಕಿಯಿಂದ ನದಿ ಬಹಳ ಚೆನ್ನಾಗಿ ಕಾಣುತ್ತೆ ಡಾಕ್ಟ್ರೇ."

"ಸ್ಟೂಲ್ ಹತ್ತಿ ನೋಡಿದ್ರಾ?"

"ಹತ್ತಿದ್ರೆ ಇನ್ನೂ ಚೆನ್ನಾಗಿ ಕಾಣುತ್ತೆ."

ಡಾಕ್ಟರು ವೆಸೆಲಿನಾಳ ಒದ್ದೆ ತೋಳನ್ನು ನೋಡಿದರು. ಅದರಿಂದ ಗಾಜು ಒರೆಸುವ ನೀರಿನ ನಿಂಬೆ ವಾಸನೆ ಘಮ್ಮೆಂದು ಬರುತ್ತಿತ್ತು. "ನೀವಿಬ್ಬರೂ ಏನಾಗಬೇಕು?"

"ನನ್ನ ಅಣ್ಣನ ಮಗಳು."

"ನೀವು ಒಬ್ಬಳೇ ಮಗಳು ಅಂತ ಹೇಳಿದ ನೆನಪು," ಎಂದರು ಬಾಯರ್ಲೆಯವರು, ಎಲುಬುಗೂಡಿನ ಕಡೆಗೇ ಮುಖ ಮಾಡಿಕೊಂಡು.

"ಒಬ್ಬಳೇ *ಮಗಳು*. ಅಣ್ಣ ಮಗ."

"ಇವರಿಗೆ ಐವತ್ತೆಂಟು, ನಿಮಗೆ ಎಪ್ಪತ್ತರ ಆಸುಪಾಸು..." ಎಂದರು ಡಾಕ್ಟರು.

"ಅಣ್ಣ ನನಗಿಂತ ಬಹಳ ದೊಡ್ಡವನು. ಬೇಗ ಮದುವೆ ಆದ. ಬಲ್ಗೇರಿಯಾದಲ್ಲಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ನೋಡಿ, ನಾನು ಪೊಲೀಸ್ ಅಲ್ಲ. ಯಾಕೆ ಕೇಳ್ತೀನಿ ಅಂದ್ರೆ, ಕೆಲಸ ಮಾಡುವಾಗ ಬಿದ್ದಿದ್ರೆ ಬರೆಯೋ ಫಾರಂ ಬೇರೆ. ಅಪಘಾತ ವಿಮೆಯವರು ನೋಡ್ಕೋತಾರೆ. ನಾಳೆ ಈ ಕೈ ಸರಿಯಾಗಿ ಮಡಚೋಕೆ ಬರದೇ ಹೋದ್ರೂ ಅವರು ಬಿಟ್ಟುಹಾಕಲ್ಲ. ಅತ್ತೆ ಮನೇಲಿ ನದಿ ನೋಡ್ತಾ ಬಿದ್ದಿದ್ರೆ ಅದ್ಯಾವುದೂ ಸಿಗಲ್ಲ. ಈಗ ಹೇಳಿ. ಕೆಲಸವಾ, ಅತ್ತೆ ಮನೆಯಾ?"

ವೆಸೆಲಿನಾ ರೋಸ್ವಿಥಾ ಅವರ ಕಡೆ ನೋಡಿದಳು. ಬೇಡಿಕೊಳ್ಳುವ ನೋಟವೂ ಅಲ್ಲ, ಬೈಯುವ ನೋಟವೂ ಅಲ್ಲ. ಅಮ್ಮಾವ್ರು ಏನು ಹೇಳುತ್ತಾರೋ ಅದನ್ನೇ ಹೇಳಿದರೆ ಮುಂದಿನ ಗುರುವಾರವೂ ಕೆಲಸವಿರುತ್ತದೆ ಎಂದು ಲೆಕ್ಕ ಹಾಕುವ ನೋಟ.

ರೋಸ್ವಿಥಾ ಅವರಿಗೆ ದಂಡ ನೆನಪಾಯಿತು, ಪತ್ರಿಕೆ ನೆನಪಾಯಿತು, ಚರ್ಚಿನ ಹಾಡಿನ ಗುಂಪು ನೆನಪಾಯಿತು.

"ಅತ್ತೆ ಮನೆ," ಎಂದರು.

"ಹೌದು," ಎಂದಳು ವೆಸೆಲಿನಾ ನೆಲ ನೋಡುತ್ತ. "ಅತ್ತೆ ಮನೆ."

ಡಾಕ್ಟರು ಬರೆದುಕೊಂಡರು.

ಮರುದಿನ ಮಧ್ಯಾಹ್ನ ಬಾಯರ್ಲೆಯವರು ಜಡೆಯಂತೆ ಹೆಣೆದ ಸಿಹಿ ಬ್ರೆಡ್ಡು ಹಿಡಿದುಕೊಂಡು ಬಂದರು. ಕಾಫಿ ಆಯಿತು. ಬ್ರೆಡ್ಡಿನ ಮೇಲೆ ಬೆಣ್ಣೆ ಸವರುತ್ತ ಕೇಳಿದರು:

"ಅಣ್ಣ ಹೇಗಿದಾರೆ?"

"ಯಾವ ಅಣ್ಣ?" ಎಂದುಬಿಟ್ಟರು ರೋಸ್ವಿಥಾ. ಆಮೇಲೆ ನಾಲಿಗೆ ಕಚ್ಚಿಕೊಂಡರು.

"ಹೇಬರ್ಲೆಯಮ್ಮ, ನಾನು ಮೊದಲನೇ ವಾರದಿಂದ ಬಲ್ಲೆ. ಯಾವ ಅಣ್ಣನ ಮಗಳು ಸೋದರತ್ತೇನ 'ಹೇಬರ್ಲೆಯಮ್ಮ' ಅಂತ ಕರೀತಾಳೆ? ಮೆಟ್ಟಿಲಿಂದ ನನಗೆ ಎಲ್ಲಾ ಕೇಳಿಸುತ್ತೆ."

"ಮತ್ತೆ ಮೂರು ವರ್ಷ ಯಾಕೆ ಸುಮ್ಮನಿದ್ರಿ?"

"ಅದು ನನ್ನ ತಪ್ಪು. ಪಕ್ಕದ ಮನೆ ವಿಷಯ ನನಗ್ಯಾಕೆ ಅಂದ್ಕೊಂಡೆ. ಮೆಟ್ಟಿಲು ಗುಡಿಸದೇ ಇದ್ದಿದ್ರೆ ಮಾತಾಡ್ತಿದ್ದೆ."

ರೋಸ್ವಿಥಾ ಅವರ ಮುಖ ಕೆಂಪಗಾಯಿತು. ಸೋತವರಿಗೆ ಸಿಟ್ಟು ಜಾಸ್ತಿ. "ನಾನೊಬ್ಬಳೇನಾ? ಈ ಬೀದೀಲಿ ಯಾರ ಮನೆಗೆ ಕಾಗದ ಮಾಡಿಸ್ಕೊಂಡು ಬರ್ತಾರೆ ತೋರಿಸಿ! ನಾನು ನಲವತ್ತು ವರ್ಷ ತೆರಿಗೆ ಕಟ್ಟಿದೀನಿ. ವಾರಕ್ಕೆ ಮೂರು ಗಂಟೆ ಕೆಲಸದಿಂದ ಈ ದೇಶ ಮುಳುಗಿಹೋಗುತ್ತಾ?"

"ನಿಮ್ಮ ಮಂಡಿ ಹೇಗಿದೆ?"

"ಚೆನ್ನಾಗಿದೆ. ಯಾಕೆ?"

"ಆಪರೇಷನ್ನಿಗೆ ಯಾರು ಕೊಟ್ರು? ಆಮೇಲೆ ಮೂರು ವಾರ ಬಿಸಿನೀರಿನ ಬುಗ್ಗೆ ಊರಲ್ಲಿ ಇಟ್ಕೊಂಡು ನಡೆಯೋದು ಕಲಿಸಿದ್ರಲ್ಲ, ಅದಕ್ಕೆ?"

"ವಿಮೆ."

"ವಿಮೆ ಅಂದ್ರೆ ಯಾರು? ಅದೇನು ಮರದಲ್ಲಿ ಕಾಯಾಗುತ್ತಾ? ಎಲ್ಲರೂ ಚೂರು ಚೂರು ಹಾಕಿದ್ದು. ನೀವು ಹಾಕಿದ್ರಿ, ತಗೊಂಡ್ರಿ. ಬಹಳ ಸಂತೋಷ. ವೆಸೆಲಿನಾ ಮೂರು ವರ್ಷ ನಿಮ್ಮ ನೆಲ ಒರೆಸಿದಾಳೆ. ಅವಳ ಹೆಸರಲ್ಲಿ ಯಾರು ಏನು ಹಾಕಿದಾರೆ? ಅವಳಿಗೆ ಎಪ್ಪತ್ತಮೂರು ಆದಾಗ ಯಾರ ಪಿಂಚಣಿ?"

"ಅವಳೇ ಬೇಡ ಅಂದ್ಲು!" ರೋಸ್ವಿಥಾ ಮೇಜು ಕುಟ್ಟಿದರು. ಇದು ಅವರ ಬ್ರಹ್ಮಾಸ್ತ್ರ. ಮೂರು ವರ್ಷ ಈ ಒಂದು ಮಾತಿನ ಮೇಲೆ ತಲೆಯಿಟ್ಟು ನೆಮ್ಮದಿಯಾಗಿ ಮಲಗಿದ್ದರು. "ಮೊದಲನೇ ದಿನವೇ ಕೇಳಿದೀನಿ, ಇದೇ ಅಡುಗೆಮನೇಲಿ. ಪೇಪರ್ ಬೇಕಾ, ಪೇಪರ್ ಇಲ್ಲದೇ ನಡೆಯುತ್ತಾ ಅಂತ. 'ಪೇಪರ್ ಬೇಡ, ಪೇಪರ್ ಇಲ್ಲದೇನೇ ಚೆನ್ನಾಗಿರುತ್ತೆ' ಅಂದ್ಲು. ಬೇಕಾದ್ರೆ ಅವಳನ್ನೇ ಕೇಳಿ!"

"ಕೇಳೋಣ," ಎಂದರು ಬಾಯರ್ಲೆಯವರು ಟೋಪಿ ಎತ್ತಿಕೊಂಡು.

ವೆಸೆಲಿನಾಳ ಮನೆ ರೈಲ್ವೆ ನಿಲ್ದಾಣದ ಹಿಂದೆ, ಒಂದು ಬೇಕರಿಯ ಮೇಲೆ. ಗಂಡ ಗೋದಾಮಿನ ಪಾಳಿಗೆ ಹೋಗಿದ್ದ. ಅವಳು ಬಲಗೈಗೆ ಪಟ್ಟಿ ಕಟ್ಟಿಸಿಕೊಂಡು ಎಡಗೈಯಲ್ಲಿ ಸೂಪು ಕಲಕುತ್ತಿದ್ದಳು. ಇವರಿಬ್ಬರನ್ನೂ ನೋಡಿ ಗಾಬರಿಯಾಗಿ, ಆಸ್ಪತ್ರೆಯ ನಾಟಕ ನೆನಪಾಗಿ, "ಬನ್ನಿ ಅತ್ತೆ," ಎಂದಳು.

"ಅದು ಮುಗೀತು," ಎಂದರು ರೋಸ್ವಿಥಾ, ತಂದಿದ್ದ ಆಲೂಗಡ್ಡೆ ಸಲಾಡಿನ ಬೋಗುಣಿ ಮೇಜಿನ ಮೇಲಿಡುತ್ತ. "ಇವರಿಗೆ ಗೊತ್ತು."

"ಮೊದಲಿಂದಲೂ ಗೊತ್ತಿತ್ತಲ್ಲ," ಎಂದಳು ವೆಸೆಲಿನಾ. "ಕ್ರಿಸ್ಮಸ್ಸಿಗೆ ನನಗೆ ಕೈಗವಸು ಕೊಟ್ಟಿದ್ರು. ಪಾತ್ರೆ ತೊಳೆಯೋ ಕೈಗವಸು."

ಬಾಯರ್ಲೆಯವರು ಕೆಮ್ಮಿದರು.

ವೆಸೆಲಿನಾ ಕುರ್ಚಿ ಎಳೆದಳು. "ಹೇಬರ್ಲೆಯಮ್ಮ, ನೀವೇನೂ ಚಿಂತೆ ಮಾಡ್ಬೇಡಿ. ಗುರುವಾರ ಬರ್ತೀನಿ. ಧೂಳು ಎಳೆಯೋ ಮಿಷನ್ನಿಗೆ ಒಂದು ಕೈ ಸಾಕು."

"ಹುಚ್ಚಾ ನಿಮಗೆ? ಎರಡು ಕಡೆ ಮುರಿದಿದೆ ಅಂತ ಡಾಕ್ಟ್ರು ಹೇಳಿದಾರೆ!"

"ಬರದಿದ್ರೆ ದುಡ್ಡು ಇಲ್ಲವಲ್ಲ. ಇನ್ನೂ ಮೂರು ಮನೆಗೆ ಹೋಗ್ತೀನಿ ನಾನು. ನಿನ್ನೆ ಸಂಜೆ ಎಲ್ಲರಿಗೂ ಫೋನ್ ಮಾಡಿ ಹೇಳ್ದೆ. ಎಲ್ಲರೂ 'ಅಯ್ಯೋ ಪಾಪ, ಬೇಗ ಹುಷಾರಾಗಿ' ಅಂದ್ರು. ಇವತ್ತು ಬೆಳಗ್ಗೆ ಇಬ್ಬರು ಬೇರೆಯವರನ್ನ ಹುಡುಕ್ಕೊಂಡ್ರಂತೆ."

ರೋಸ್ವಿಥಾ ಅವರಿಗೆ ಕೂತಲ್ಲೇ ಚುಚ್ಚಿದಂತಾಯಿತು. ಆದರೂ ಕೇಳಲೇಬೇಕಿತ್ತು.

"ವೆಸೆಲಿನಾ, ನಿಜ ಹೇಳಿ. ಮೊದಲನೇ ದಿನ ನಾನು ಕೇಳಲಿಲ್ವಾ, ಪೇಪರ್ ಬೇಕಾ ಬೇಡವಾ ಅಂತ?"

"ಕೇಳಿದ್ರಿ."

"ನೀವೇನಂದ್ರಿ?"

"ಬೇಡ ಅಂದೆ."

ರೋಸ್ವಿಥಾ ಬಾಯರ್ಲೆಯವರ ಕಡೆ ಗೆದ್ದ ಮುಖ ತಿರುಗಿಸಿದರು.

"ಪೇಪರಲ್ಲಿ ಒರೆಸಿದ್ರೆ ಗಾಜಿನ ಮೇಲೆ ಮಸಿ ಉಳಿಯುತ್ತಲ್ಲ," ಎಂದಳು ವೆಸೆಲಿನಾ. "ಬಟ್ಟೇನೇ ವಾಸಿ."

ರೋಸ್ವಿಥಾ ಮತ್ತೆ ಅವಳ ಕಡೆಗೆ ತಿರುಗಿದರು.

"ಏನಂದ್ರಿ?"

"ಆಗ ನನಗೆ ನಿಮ್ಮ ಭಾಷೆ ಅಷ್ಟು ಬರ್ತಿರಲಿಲ್ಲ, ಮೊದಲೆಲ್ಲ ಜನ ಇಲ್ಲದ ಹೊತ್ತಲ್ಲೇ ಮನೆ ಒರೆಸ್ತಿದ್ದೆ. ನೀವು ಕಿಟಕಿ ಹತ್ರ ನಿಂತಿದ್ರಿ. ಮೇಜಿನ ಮೇಲೆ ಹಳೇ ಪೇಪರ್ ಕಟ್ಟು ಇತ್ತು. ಪೇಪರ್ ಬೇಕಾ ಅಂದ್ರಿ. ಕಿಟಕಿ ಒರೆಸೋಕೆ ಅಂದ್ಕೊಂಡೆ. ಬಟ್ಟೆ ಇದೆಯಲ್ಲ ಅಂತ, ಪೇಪರ್ ಇಲ್ಲದೇನೇ ಚೆನ್ನಾಗಿರುತ್ತೆ ಅಂದೆ. ನಿಮಗೆ ಬಹಳ ಖುಷಿಯಾಯ್ತು, ನನ್ನ ಕೈ ಹಿಡ್ಕೊಂಡು ಕುಲುಕಿದ್ರಿ. ಬಟ್ಟೆ ಮೇಲೆ ಇಷ್ಟು ಪ್ರೀತಿ ಇರೋ ಹೆಂಗಸು ಒಳ್ಳೆಯವಳೇ ಇರ್ಬೇಕು ಅಂತ ನಾನೂ ಖುಷಿಪಟ್ಟೆ."

ಬಾಯರ್ಲೆಯವರು ಕರವಸ್ತ್ರ ತೆಗೆದು ಬಾಯಿಗೆ ಒತ್ತಿಕೊಂಡರು. ಭುಜ ಕುಲುಕುತ್ತಿತ್ತು. ವೆಸೆಲಿನಾಗೂ ಈಗ ಅರ್ಥವಾಗಿ ನಗು ಬಂತು. ನಕ್ಕರೆ ಕೈ ನೋಯುತ್ತಿತ್ತು, ಆದರೂ ನಕ್ಕಳು. ರೋಸ್ವಿಥಾ ಒಬ್ಬರೇ ನಗಲಿಲ್ಲ. ಮೂರು ವರ್ಷ ತಲೆಗೆ ಇಟ್ಟುಕೊಂಡಿದ್ದ ದಿಂಬನ್ನು ಯಾರೋ ಸರಕ್ಕನೆ ಎಳೆದಂತಾಗಿತ್ತು.

"ನಾನು ಇನ್ನೊಂದು ಸಲ ಕೇಳಬಹುದಿತ್ತು," ಎಂದರು ಕೊನೆಗೆ. "ನಿಮಗೆ ಭಾಷೆ ಬಂದ ಮೇಲೆ ಕೇಳಬಹುದಿತ್ತು. ಕೇಳಲಿಲ್ಲ. ಬೇಕಂತಲೇ ಕೇಳಲಿಲ್ಲ."

ವೆಸೆಲಿನಾ ನಗು ನಿಲ್ಲಿಸಿದಳು. "ಹನ್ನೊಂದು ವರ್ಷದಿಂದ ಈ ದೇಶದಲ್ಲಿ ಒರೆಸ್ತಾ ಇದೀನಿ. ಕಾಗದದ ಲೆಕ್ಕದಲ್ಲಿ ನಾನು ಹನ್ನೊಂದು ವರ್ಷ ಮಲಗಿದೀನಿ."

ಆಮೇಲೆ ಬಾಯರ್ಲೆಯವರ ಕಡೆ ತಿರುಗಿದಳು. ಅವಳಿಗೂ ಅನುಮಾನಗಳಿದ್ದವು. "ಸಾಹೇಬ್ರೇ, ಕಾಗದ ಮಾಡಿಸಿದ್ರೆ ನನ್ನ ಕೈಗೆ ಬರೋದು ಕಡಿಮೆಯಾಗುತ್ತಾ?"

"ಪಿಂಚಣಿಗೆ ಅಂತ ನಿಮ್ಮದೂ ಒಂದು ಪಾಲು ಹೋಗುತ್ತೆ. ಉಳಿದದ್ದೆಲ್ಲ ಮನೆಯವರದ್ದು. ಅದಕ್ಕೆ ಬದಲಾಗಿ ಕಾಯಿಲೆ ಬಿದ್ರೆ ಸಂಬಳ, ರಜೆಗೆ ಸಂಬಳ, ಬಿದ್ದು ಪೆಟ್ಟಾದ್ರೆ ವಿಮೆ."

"ರಜೆಗೂ ಸಂಬಳವಾ?" ಇದನ್ನು ಕೇಳಿದ್ದು ವೆಸೆಲಿನಾ ಅಲ್ಲ, ರೋಸ್ವಿಥಾ.

"ನಿಮಗೆ ಅಂಚೆ ಕಚೇರೀಲಿ ರಜೆಗೆ ಸಂಬಳ ಕೊಡ್ತಿರಲಿಲ್ವಾ?"

"ಕೊಡ್ತಿದ್ರು."

"ಮತ್ತೆ?"

"ಸರಿ," ಎಂದರು ರೋಸ್ವಿಥಾ. "ಆ ಪಾಲಿನಷ್ಟು ನಾನೇ ಕೂಲಿ ಹೆಚ್ಚು ಮಾಡ್ತೀನಿ." ಅದನ್ನು ಹೇಳುವಾಗ ಅವರ ಮುಖ ಹಲ್ಲು ಕೀಳಿಸಿಕೊಳ್ಳುವವರ ಮುಖದಂತಿತ್ತು. ಆದರೆ ಹೇಳಿದರು.

"ಆದ್ರೆ ಬಿದ್ದಿದ್ದು ನಿನ್ನೆ. ಕಾಗದ ಮಾಡಿಸೋದು ನಾಳೆ," ಎಂದಳು ವೆಸೆಲಿನಾ. "ಈ ಕೈ ಹೋಯ್ತು ಅಂತಲೇ ಲೆಕ್ಕ."

"ಇಲ್ಲ. ಕಾಗದ ಇಲ್ಲದಿದ್ರೂ ಕೆಲಸದಲ್ಲಿ ಬಿದ್ದವರಿಗೆ ಆ ವಿಮೆ ಇದೆ. ಕಾಯ್ದೆ ಕೆಲಸದವರ ಕೈ ಬಿಡಲ್ಲ. ಕಾಗದ ಮಾಡಿಸದ ಮನೆಯವರನ್ನು ಮಾತ್ರ ಆಮೇಲೆ ಕರೆಸಿ ವಿಚಾರಿಸುತ್ತೆ. ಆದ್ರೆ ಅದಕ್ಕೆ ಯಾರಾದ್ರೂ ಡಾಕ್ಟರಿಗೆ ನಿಜ ಹೇಳ್ಬೇಕು."

ಇಬ್ಬರೂ ರೋಸ್ವಿಥಾ ಅವರ ಕಡೆ ನೋಡಿದರು.

ಸೋಮವಾರ ಆಸ್ಪತ್ರೆ ಬಾಗಿಲು ತೆಗೆಯುವುದಕ್ಕೆ ಹತ್ತು ನಿಮಿಷ ಮೊದಲೇ ರೋಸ್ವಿಥಾ ಅಲ್ಲಿದ್ದರು. ಭಾನುವಾರ ಚರ್ಚಿಗೆ ಹಾಕುವ ಕೋಟು ಹಾಕಿಕೊಂಡಿದ್ದರು.

"ಡಾಕ್ಟ್ರೇ, ನನ್ನ ಅಣ್ಣನ ವಿಷಯ ಹೇಳ್ಬೇಕಿತ್ತು."

"ಏನಾಯ್ತು? ತೀರಿಕೊಂಡ್ರಾ?"

"ಇಲ್ಲ. ಹುಟ್ಟೇ ಇಲ್ಲ."

ಡಾಕ್ಟರು ಕನ್ನಡಕ ತೆಗೆದರು.

"ಅವನು ಹುಟ್ಟಿಲ್ಲ, ಬಲ್ಗೇರಿಯಾಕ್ಕೂ ಹೋಗಿಲ್ಲ. ನಮ್ಮನೆ ಕಿಟಕಿಯಿಂದ ನದೀನೂ ಕಾಣಲ್ಲ. ಸೈಕಲ್ ನಿಲ್ಲಿಸೋ ಜಾಗ ಕಾಣುತ್ತೆ. ವೆಸೆಲಿನಾ ಮೂರು ವರ್ಷದಿಂದ ನಮ್ಮನೇಲಿ ಕೆಲಸ ಮಾಡ್ತಾರೆ. ಏಣಿ ಕೇಳಿದ್ರು, ನಾನು ಕೊಡಲಿಲ್ಲ. ನನ್ನ ಕೆಲಸ ಮಾಡುವಾಗ, ನಾನು ಕೊಟ್ಟ ಸ್ಟೂಲಿಂದ ಬಿದ್ರು. ಆ ಬೇರೆ ಫಾರಂ ಕೊಡಿ."

ಹೇಳಿ ಮುಗಿಸುವಷ್ಟರಲ್ಲಿ ಅವರ ಕಣ್ಣು ಒದ್ದೆಯಾಗಿತ್ತು. ಡಾಕ್ಟರು ಖಾನೆ ತೆರೆದು ಫಾರಂ ತೆಗೆದರು. "ವಾರಕ್ಕೆ ನಾಲ್ಕೈದು ಅತ್ತೆಯರು ಬರ್ತಾರೆ ಇಲ್ಲಿಗೆ," ಎಂದರು ಬರೆಯುತ್ತ. "ವಾಪಸ್ ಬಂದವರು ನೀವೇ ಮೊದಲು."

ಅದೇ ಸಂಜೆ ಬಾಯರ್ಲೆಯವರ ಮೇಜಿನ ಮೇಲೆ ಇನ್ನೊಂದು ಕಾಗದ ತುಂಬಿಸಿದರು. ರೋಸ್ವಿಥಾ ಒಂದು ಕಟ್ಟನ್ನೇ ಎದುರು ನೋಡಿದ್ದರು. ಇದ್ದದ್ದು ಒಂದೇ ಹಾಳೆ. ಯಾರ ಮನೆ, ಯಾರ ಕೆಲಸ, ತಿಂಗಳಿಗೆ ಎಷ್ಟು, ಇಬ್ಬರ ಸಹಿ. ಕಾಫಿ ಆರುವುದರೊಳಗೆ ಮುಗಿಯಿತು. "ಇಷ್ಟೇನಾ?" ಎಂದು ಎರಡು ಸಲ ಕೇಳಿದರು. ಇಷ್ಟೇ. ಇದರ ಭಯಕ್ಕೆ ಅವರು ಒಬ್ಬ ಅಣ್ಣನನ್ನೇ ಸೃಷ್ಟಿ ಮಾಡಿದ್ದರು.

ಸುಲಭಕ್ಕೇನೂ ಬಿಡಲಿಲ್ಲ. ಜೂನ್ ತಿಂಗಳಲ್ಲಿ ಪತ್ರ ಬಂತು. ಮೂರು ವರ್ಷದ ಬಾಕಿ, ಮೇಲೆ ದಂಡ. ರೋಸ್ವಿಥಾ ಪತ್ರ ಓದಿ ಎರಡು ದಿನ ಬೆಣ್ಣೆ ಇಲ್ಲದೆ ಬ್ರೆಡ್ಡು ತಿಂದರು. ಮೂರನೇ ದಿನ ಕಟ್ಟಿ ಬಂದರು. ಅಷ್ಟರಲ್ಲಿ ಅಪಘಾತ ವಿಮೆಯವರು ವೆಸೆಲಿನಾಳ ಕೈಯ ಉಸ್ತುವಾರಿ ವಹಿಸಿಕೊಂಡಿದ್ದರು. ಔಷಧಿ, ಬೆರಳಿನ ವ್ಯಾಯಾಮ, ಕೆಲಸವಿಲ್ಲದ ವಾರಗಳ ಹಣ, ಎಲ್ಲವೂ ಬಂತು. ವೆಸೆಲಿನಾ ತನ್ನ ಉಳಿದ ಮನೆಗಳಿಗೂ ಕಾಗದದ ಮಾತು ಹೇಳಿದಳು. ಒಬ್ಬರು ಒಪ್ಪಿದರು. ಇಬ್ಬರು ಈವರೆಗೂ ಫೋನ್ ಎತ್ತಿಲ್ಲ.

ಆಗಸ್ಟಿನಲ್ಲಿ ವೆಸೆಲಿನಾ ಊರಿಗೆ ಹೋದಳು. ಸಂಬಳದ ರಜೆ, ಹನ್ನೊಂದು ವರ್ಷದಲ್ಲಿ ಮೊದಲನೆಯದು. ಆ ಎರಡು ಗುರುವಾರ ರೋಸ್ವಿಥಾ ತಾವೇ ಬಚ್ಚಲು ತಿಕ್ಕಿದರು. ತಿಕ್ಕಿ ಎದ್ದಾಗ ಸೊಂಟ ಹಿಡಿದುಕೊಂಡು, ಇಷ್ಟು ಕೂಲಿಗೆ ತಾವಾಗಿದ್ದರೆ ಈ ಕೆಲಸಕ್ಕೆ ಬರುತ್ತಲೇ ಇರಲಿಲ್ಲ ಎಂದು ಬಾಯರ್ಲೆಯವರಿಗೆ ಮೆಟ್ಟಿಲ ಮೇಲಿಂದಲೇ ಕೂಗಿ ಹೇಳಿದರು. ಈಗ ಚರ್ಚಿನ ಹಾಡಿನ ಗುಂಪಿನಲ್ಲಿ ಯಾರಾದರೂ "ನಮ್ಮನೆಗೆ ಒಬ್ಬ ಸ್ನೇಹಿತೆ ಬಂದು ಸ್ವಲ್ಪ ಸಹಾಯ ಮಾಡ್ತಾಳೆ" ಎಂದರೆ ಸಾಕು, ರೋಸ್ವಿಥಾ ಕೈಚೀಲದಿಂದ ಆ ಒಂದು ಹಾಳೆ ತೆಗೆಯುತ್ತಾರೆ. ಕೆಲವರು ಅವರನ್ನು ಕಂಡರೆ ಬೇರೆ ಬಾಗಿಲಿನಿಂದ ಹೋಗುತ್ತಾರಂತೆ. ಐದು ಮನೆಯವರು ಮಾತ್ರ ಸಹಿ ಹಾಕಿದ್ದಾರೆ.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದುತ್ತಿರುವ ನಿಮ್ಮ ಮನೆಗೂ ಯಾರೋ ಒಬ್ಬರು ಬರುತ್ತಿರಬಹುದು. ನೀವು ಅವರಿಗೆ ಒಳ್ಳೆಯವರೇ ಇರಬಹುದು. ಕಾಫಿ ಕೊಡುತ್ತೀರಿ, ಹಬ್ಬಕ್ಕೆ ಉಡುಗೊರೆ ಕೊಡುತ್ತೀರಿ, ಮನೆಯವರಂತೆಯೇ ನೋಡಿಕೊಳ್ಳುತ್ತೇವೆ ಎನ್ನುತ್ತೀರಿ. ಅವರಿಗೆ ಬೇಕಾದದ್ದು ನೆಂಟಸ್ತಿಕೆಯಲ್ಲ. ಕೆಲಸ ಮಾಡಿದ್ದೇನೆ ಎನ್ನುವುದಕ್ಕೆ ಒಂದು ಗುರುತು, ಬಿದ್ದಾಗ ಒಂದು ಆಸರೆ, ಕೈ ಸೋತಾಗ ಒಂದು ತುತ್ತು. ನಿಮ್ಮ ಊರಿನಲ್ಲಿ ಅದಕ್ಕೆ ಯಾವ ಕಚೇರಿ, ಯಾವ ಕಾಗದ ಎಂದು ಈ ವಾರವೇ ವಿಚಾರಿಸಿ. ಅವರು ಬೇಡವೆಂದಿದ್ದರೆ, ಅವರಿಗೆ ಅರ್ಥವಾಗುವ ಮಾತಿನಲ್ಲಿ ಇನ್ನೊಮ್ಮೆ ಕೇಳಿ. ಅದಕ್ಕೂ ಮೊದಲು ಒಂದು ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿ: ನಾಳೆ ಅವರು ನಿಮ್ಮ ಮನೆಯಲ್ಲಿ ಬಿದ್ದರೆ, ಡಾಕ್ಟರ ಮುಂದೆ ನೀವು ಅವರನ್ನು ಯಾರೆಂದು ಹೇಳುತ್ತೀರಿ?